ದೊಡ್ಡ ಸೆನ್ಸರ್, ಸಣ್ಣ ಮಿರ್ಚಿ

ನನ್ನ ಲೆನ್ಸ್ ಬಳ್ಳಾರಿಗೆ ಹೋಗೈತಿ. ಹೋಗಿ ಇವತ್ತಿಗೆ ಮೂರು ದಿನ. ನಾ ಕಳಿಸಿದ್ದೂ ಅಲ್ಲ, ಅವ್ರು ಕದ್ದಿದ್ದೂ ಅಲ್ಲ, ಹಿಂಗಾಗಿ ಸಿಟ್ಟು ಯಾರ ಮ್ಯಾಲ ಮಾಡ್ಕೋಬೇಕು ಅನ್ನೋದ ತಿಳೀವಲ್ದು. ಸದ್ಯಕ್ಕ ಮನ್ಯಾಗಿನ ಎಲ್ಲಾರ ಮ್ಯಾಲೂ ಸ್ವಲ್ಪ ಸ್ವಲ್ಪ ಹಂಚಿ ಮಾಡ್ಕೊಂಡೀನಿ.

ನಮ್ಮ ಮಾವನ ಮನಿ ಕೊಪ್ಪಳದಾಗ, ಹಳೇ ಓಣಿಯೊಳಗ. ಮೂರು ಮಂದಿ ಅಳಿಯಂದ್ರಾಗ ನಾ ನಡುವಿನಾವ. ಮೊನ್ನೆ ಸಣ್ಣಾಕಿ ಕೂಸಿಂದು ತೊಟ್ಲಾಗ ಹಾಕೋ ಕಾರ್ಯಕ್ರಮ ಇತ್ತು. ಇಂಥಾ ಕಾರ್ಯಕ್ರಮದಾಗ ಫೋಟೋ ತಗಿಯೋ ಕೆಲಸ ಮೊದ್ಲಿಂದ ನಂದ, ಯಾಕಂದ್ರ ಕ್ಯಾಮೆರಾ ಇದ್ದಾವ ನಾ ಒಬ್ನ ಇದ್ದೆ. ಪಗಾರ ಇಲ್ಲ, ಊಟಕ್ಕ ಕಡೀ ಪಂಕ್ತಿ, ಮ್ಯಾಲ "ನಂದು ಒಂದೂ ಚಲೋ ಬಂದಿಲ್ಲ" ಅನ್ನೋ ಬೈಗುಳ. ಆದ್ರೂ ಅದರಾಗೊಂದು ಗತ್ತು ಇತ್ತು. ಹೋದ ವರ್ಷ ನಮ್ಮ ಹಿರೇ ಷಡ್ಡಕ ಬಳ್ಳಾರ್ಯಾಗ ಸೆಕೆಂಡ್ ಹ್ಯಾಂಡ್‌ನ್ಯಾಗ ಒಂದು ಫುಲ್ ಫ್ರೇಮ್, ಅಂದ್ರ ದೊಡ್ಡ ಸೆನ್ಸರಿನ ಕ್ಯಾಮೆರಾ ತಗೊಂಡ್ರು ನೋಡ್ರಿ, ಆ ಗತ್ತೂ ಹೋತು.

ಅವ್ರದು ಸೋನಿ ಎ7 ತ್ರೀ, 2018ರ ಮಾಡೆಲ್. ನಂದು ಸೋನಿ ಎ6400, 2019ರದ್ದು. ಎರಡೂ 24 ಮೆಗಾಪಿಕ್ಸಲ್. ಬೀಗರು "ಎಷ್ಟು ಮೆಗಾಪಿಕ್ಸಲ್ ರೀ" ಅಂತ ಕೇಳಿದಾಗ ಈ ಒಂದ ಮಾತು ನನ್ನ ಮರ್ಯಾದಿ ಉಳಿಸ್ತತಿ. ಆದ್ರ ಒಳಗ ಬೆಳಕು ಹಿಡಿಯೋ ಸೆನ್ಸರ್ ಐತಲ್ಲ, ಅವ್ರದು ಹತ್ರ ಹತ್ರ 36 ಮಿಲಿಮೀಟರ್ ಅಗಲ 24 ಎತ್ತರ, ನಂದು 23.5ಕ್ಕ 15.6. ಹೊಲದ ಲೆಕ್ಕದಾಗ ಹೇಳಬೇಕಂದ್ರ ನಂದು ಒಂದೆಕರೆ ಇದ್ರ ಅವ್ರದು ಎರಡೆಕರೆ ಮ್ಯಾಲ ಒಂದು ಹತ್ತು-ಹನ್ನೆರಡು ಗುಂಟೆ. ಇಬ್ರೂ ಅಷ್ಟ ಮೆಣಸಿನ ಸಸಿ, ಅಂದ್ರ ಪಿಕ್ಸಲ್ ಹಚ್ಚೀವಿ. ಅವ್ರ ಒಂದೊಂದು ಸಸಿಗೆ ಜಾಗ ಜಾಸ್ತಿ, ಬೆಳಕು ಜಾಸ್ತಿ. ಅದಕ್ಕ ರಾತ್ರಿ ಟ್ಯೂಬ್‌ಲೈಟಿನ್ಯಾಗ ತಗದ್ರ ಅವ್ರ ಫೋಟೋ ತೊಳದಿಟ್ಟಂಗ ಇರ್ತತಿ, ನನ್ನ ಫೋಟೋದ ಮ್ಯಾಲ ಯಾರೋ ರವಾ ಉದುರಿಸಿದಂಗ ಕಾಣ್ತತಿ. ಇದ್ದದ್ದು ಇದ್ದಂಗ ಹೇಳಾಕ ನನಗೇನೂ ನಾಚಿಕಿ ಇಲ್ಲ. ಅವ್ರ ಕ್ಯಾಮೆರಾ 650 ಗ್ರಾಂ, ನಂದು 403 ಗ್ರಾಂ, ಕೊಳ್ಳಾಗ ಹಾಕ್ಕೊಂಡು ಬಾಳಿಎಲಿ ಬಗ್ಗಿ ಬಗ್ಗಿ ಬಡಿಸೋ ಅಳಿಯಗ ಯಾವುದು ಬೇಕು ಅನ್ನೋದನ್ನೂ ಯಾರಾರ ಕೇಳಬೇಕಲ್ಲ, ಕೇಳೂದಿಲ್ಲ.

ನನಗ ಸಿಟ್ಟು ಬರೋದು ಕ್ಯಾಮೆರಾಕ್ಕಲ್ಲ, ಅಣ್ಣಾರ ಝೂಮಿಗೆ, ಹಿರೇ ಷಡ್ಡಕಗ ನಾ ಅಣ್ಣಾರು ಅಂತೀನಿ. ಅವ್ರು ಫೋಟೋ ನೋಡೂದಿಲ್ರಿ. ತಗದ ಕೂಡ್ಲೆ ಝೂಮ್ ಗುಂಡಿ ಒತ್ತತಾರ, ಟಿಕ್ ಟಿಕ್ ಟಿಕ್, ಮನಷ್ಯಾ ಹೋಗಿ ಮೂಗು ಆಗ್ತತಿ, ಮೂಗು ಹೋಗಿ ಮೂಗಿನ ಮ್ಯಾಲಿನ ಬೆವರ ಹನಿ ಆಗ್ತತಿ, ಅಲ್ಲಿಗೆ ಹೋಗಿ ನಿಲ್ಲತಾರ. ಈ ಸಲದ ಗವಿಮಠದ ಜಾತ್ರ್ಯಾಗ ತೇರಿನ ಫೋಟೋ ತಗದ್ರು. ಲಕ್ಷಗಟ್ಟಲೆ ಮಂದಿ, ಉತ್ತತ್ತಿ ತೂರಾಕತ್ತಾರ, ಕಣ್ಣಿಗೆ ಹಬ್ಬ ಅಂಥಾ ಫೋಟೋ. ಇವ್ರು ನನಗ ತೋರ್ಸಿದ್ದು ತೇರಲ್ಲ, ತೇರಿನ ಹಿಂದ ಮಾಳಗಿ ಮ್ಯಾಲ ನಿಂತಿದ್ದ ಒಬ್ಬನ ಅಂಗಿ ಗುಂಡಿ. "ನೋಡು ತಮ್ಮಾ, ಗುಂಡಿಗೆ ನಾಕು ತೂತು ಎಣಸಬಹುದು." ಎಣಿಸಿ ನಾ ಏನ್ ಮಾಡ್ಲಿ? ಆಮ್ಯಾಲ ನನ್ನ ಕ್ಯಾಮೆರಾ ಇಸಗೊಂಡು ನನ್ನ ಫೋಟೋನೂ ಹಂಗ ಒತ್ತಿ ಒತ್ತಿ ಚೌಕಾನ ಚೌಕ ಆಗೂತನ ದೊಡ್ಡದು ಮಾಡಿ ಒಂದ ಶಬ್ದ ಅಂತಾರ: "ಪಾಪ." ಬರೇ ಅಷ್ಟ. ಬೈದ್ರ ತಿರುಗಿ ಬೈಬಹುದು, ಪಾಪ ಅಂದ್ರ ಏನ್ ಅನ್ನಬೇಕು? ನಾ ಕಂತು ಕಟ್ಟಿ ತಗೊಂಡಿದ್ದು ರೀ ಅದು!

ತೊಟ್ಲದ ದಿನ ಮುಂಜಾನೆ ಒಗ್ಗರಣಿ-ಮಿರ್ಚಿ ತರಿಸಿದ್ರು. ಬಿಸಿ ಬಿಸಿ ಮಿರ್ಚಿ, ಇನ್ನೂ ಎಣ್ಣಿ ಚುಂಯ್ ಅನ್ನಾಕತ್ತಿತ್ತು. ಅಣ್ಣಾರು ತಾಟು ನನ್ನ ಮುಂದಿಂದ ಎಳಕೊಂಡು "ಇವತ್ತು ಟೆಸ್ಟ್ ಮಾಡಿ ಬಿಡೂಣು" ಅಂದ್ರು. ಲೆನ್ಸ್ ಬ್ಯಾರೆ ಬ್ಯಾರೆ ಇದ್ರ ಹೋಲಿಕಿ ಆಗೂದಿಲ್ಲಂತ, ಒಂದ ಲೆನ್ಸ್ ಎರಡಕ್ಕೂ ಹಾಕಬೇಕಂತ. ಮಾತು ಖರೇನ, ಲೆನ್ಸ್ ಕೂಡಿಸೋ ಬಾಯಿ, ಅಂದ್ರ ಮೌಂಟು, ಎರಡರದೂ ಒಂದ. ಅವ್ರ 28-70 ಲೆನ್ಸ್ (ಈ ಅಂಕಿ ಸಣ್ಣದಾದಷ್ಟು ಜಾಸ್ತಿ ಮಂದಿ ಹಿಡಸ್ತಾರ, ದೊಡ್ಡದಾದಷ್ಟು ದೂರಿಂದು ಹತ್ರ ಬರ್ತತಿ) ಮೊದ್ಲು ಅವ್ರ ಕ್ಯಾಮೆರಾಕ್ಕ ಹಾಕಿ ತಗದ್ರು. ಆಮ್ಯಾಲ ಅದನ್ನ ಬಿಚ್ಚಿ ನನ್ನದಕ್ಕ ಹಾಕಿ ನಿಂತಲ್ಲೇ ನಿಂತು ತಗದ್ರು. ಎರಡೂ ಬಾಜೂಕ ಬಾಜೂಕ ಇಟ್ಟು ನೋಡಿದ್ರ ನನ್ನದ್ರಾಗ ಮಿರ್ಚಿ ಒಂದೂವರೆ ಪಟ್ಟು ದೊಡ್ಡದು!

ಅಣ್ಣಾರ ಮಾರಿ ಇಳೀತು. ನಾ ತಿಳಿಸಿ ಹೇಳಾಕ ಹೋದೆ, ಲೆನ್ಸ್ ಅಂದ್ರ ಅಷ್ಟ ದೊಡ್ಡ ರೊಟ್ಟಿ ಕೊಡ್ತತಿ ಅಣ್ಣಾರ, ನಿಮ್ಮ ಸೆನ್ಸರ್ ಇಡೀ ರೊಟ್ಟಿ ತಗೋತತಿ, ನಂದು ನಡುವಿನ ತುಂಡು ಅಷ್ಟ ಹರಕೋತತಿ, ಆ ತುಂಡನ್ನ ಪರದಿ ತುಂಬ ತೋರಿಸಿದ್ರ ದೊಡ್ಡದು ಕಾಣ್ತತಿ, ಇದಕ್ಕ ಕ್ರಾಪ್ ಫ್ಯಾಕ್ಟರ್ ಅಂತಾರ, 1.5. ಅಷ್ಟ್ರಾಗ ನಮ್ಮತ್ತಿ ಚಾ ತಗೊಂಡು ಬಂದಾಕಿ ಎರಡೂ ಬಗ್ಗಿ ನೋಡಿದ್ಲು. "ಮಿರ್ಚಿ ದೊಡ್ಡು ಕಾಣೂದ ಚಲೋ ಐತಲ್ಲಪ, ಇದಕ್ಯಾಕ ಇಷ್ಟು ರೊಕ್ಕ ಕೊಟ್ಟಿ?" ಅಂದು ಹೋಗೇ ಬಿಟ್ಲು. ಆ ದಿನ ನನಗ ಸಿಕ್ಕ ಸುಖ ಅದೊಂದ.

ಅಣ್ಣಾರು ಸುಮ್ನಿರ್ತಾರ? "ಹಂಗಾರ ನಿನ್ನ ಲೆನ್ಸ್ ನನ್ನದಕ್ಕ ಹಾಕು." ನಂದು 18-135. ಅದು ಸಣ್ಣ ಸೆನ್ಸರಿಗೆ ಅಂತ ಮಾಡಿದ ಲೆನ್ಸ್, ಅದನ್ನ ಅವ್ರ ಕ್ಯಾಮೆರಾಕ್ಕ ಹಾಕಿದ ಕೂಡ್ಲೆ ಕ್ಯಾಮೆರಾ ತಾನ ಗುರ್ತು ಹಿಡದು ಸೆನ್ಸರಿನ ಸುತ್ತಲಿಂದು ಬಿಟ್ಟು ನಡುವಿಂದಷ್ಟ ಬಳಸ್ತತಿ, 24 ಮೆಗಾಪಿಕ್ಸಲ್ ಹೋಗಿ 10 ಆಗ್ತತಿ. ಈಗ ಮಿರ್ಚಿ ಎರಡರಾಗೂ ಸರಿಸಮ ಬಂತು. "ಹಾಂ, ಈಗ ನೋಡು ಸರಿ ಆತು" ಅಂತ ಅಣ್ಣಾರು ಖುಷಿ ಆದ್ರು. ಮಿರ್ಚಿ ಆರಿ ಚರ್ಮ ಆಗಿತ್ತು. ಒಳಗಿಂದ "ಮುಹೂರ್ತ ಆತು ಬರ್ರೋ" ಅಂತ ಕೂಗಿದ್ರು. ಎದ್ದು ಓಡಿದ್ವಿ. ಇಲ್ಲೇ ನೋಡ್ರಿ ಆಗಿದ್ದು. ಅವೆರಡೂ ಲೆನ್ಸ್ ಹೊರಗಿಂದ ನೋಡಾಕ ಅವಳಿ-ಜವಳಿ ಇದ್ದಂಗ, ಕರೀ ಬಣ್ಣ, ಮುಂದಿನ ಮುಚ್ಚಳದ ಅಳತಿ ಎರಡಕ್ಕೂ 55, ತೂಕದಾಗ 30 ಗ್ರಾಂ ಫರಕು. ಯಾರೂ ವಾಪಸ್ ಬದಲಿ ಮಾಡಲಿಲ್ಲ.

ಕೂಸಿನ ಹೆಸರು ಕರೆಯೋದು, ಕಿವಿಯಾಗ ಹೇಳೋದು, ಬೆನ್ನಿಗೆ ಗುದ್ದೋದು ಎಲ್ಲಾ ಆತು, ಹತ್ರದ ಫೋಟೋ, ಗೊತ್ತಾಗ್ಲಿಲ್ಲ. ಆಮ್ಯಾಲ ನಮ್ಮತ್ತಿ ತೊಟ್ಲದ ಸುತ್ತ ಇಡೀ ಮನೆತನ ನಿಲ್ಲಿಸಿದ್ಲು. ಇಪ್ಪತ್ತೊಂದು ಮಂದಿ, ಪಡಸಾಲಿ ಹನ್ನೆರಡು ಫೂಟಿಂದು. ನಾ ಪ್ರತಿ ಸಲ ಗ್ವಾಡಿಗೆ ಬೆನ್ನು ಹಚ್ಚಿ ನಿಂತು ಲೆನ್ಸ್ ಪೂರ್ತಿ ಈಕಡೆ ತಿರುವಿದ್ರ ಎಲ್ಲಾರೂ ಹಿಡಸ್ತಾರ. ಅವತ್ತು ತಿರುವಿದೆ, ಬರೇ ಒಂಬತ್ತು ಮಂದಿ. ಉಂಗುರ ಸಿಕ್ಕೊಂಡೈತಿ ಅನ್ಕೊಂಡು ಒತ್ತಿ ತಿರುವಿದೆ, ಒಂಬತ್ತ. "ಒತ್ತೊತ್ತಾಗಿ ನಿಲ್ರಿ" ಅಂದೆ, ನಿಂತ್ರು, ಹನ್ನೊಂದು. ಹೊಸ್ತಲಕ್ಕ ಹೋದೆ. ಹದಿನಾಕು. ಹೊಸ್ತಲಾ ದಾಟಿ ಕಟ್ಟಿಗೆ ಬಂದೆ, ಚಪ್ಪಲ್ ರಾಶಿ ಮ್ಯಾಲ ನಿಂತೆ, ಬಲಗಾಲು ಯಾರದೋ ಬೂಟಿನ್ಯಾಗ ಹೊಕ್ಕೊಂತು. ಆ ಬೂಟು ಸಮೇತ ಕಟ್ಟಿ ಇಳದೆ. ಈಗ ಬಾಗಲ ಚೌಕಟ್ಟು ಅಡ್ಡ ಬಂತು, ಎರಡೂ ಕಡೆ ಮೂರು ಮೂರು ಮಂದಿ ಚೌಕಟ್ಟಿನ ಹಿಂದ ಹೋದ್ರು. ಒಳಗಿಂದ ನಮ್ಮಾಕಿ, "ಫೋಟೋ ತಗಿಯಾಕ ಗದಗಕ್ಕ ಹೊಂಟೀರೇನ್ರಿ?" ಅಂದ್ಲು. ನಾ ನಡು ರಸ್ತಾದಾಗ ಒಂದು ಕಾಲಾಗ ಬೂಟು, ಒಂದು ಕಾಲು ಬರಿಗಾಲು, ಕ್ಯಾಮೆರಾಕ್ಕ ಕಣ್ಣು ಹಚ್ಚಿ ಇನ್ನೂ ಹಿಂದಕ ಸರಿಯಾಕತ್ತೀನಿ, ಹಿಂದ ಒಂದು ಟಂಟಂ ಬಂದು ಹಾರ್ನ್ ಹೊಡದು ನಿಂತಾವ ಕುತ್ತಿಗಿ ಹೊರಗ ಹಾಕಿ ಭಾಳ ಮರ್ಯಾದಿಯಿಂದ ಕೇಳಿದ: "ಮನಿ ಮಾರಾಕ ಹಚ್ಚೀರೇನ್ ಸರ? ಎಷ್ಟಂತ?"

ಅಷ್ಟ್ರಾಗ ಪಡಸಾಲಿ ಒಳಗಿಂದ ಅಣ್ಣಾರ ದನಿ. ಗ್ವಾಡಿಗೆ ಬೆನ್ನು ಹಚ್ಚಿ ಆರಾಮ ನಿಂತು ಟಕ್ ಅಂತ ಒತ್ತಿ, ಇಪ್ಪತ್ತೊಂದು ಮಂದಿನೂ ಹಿಡದು, ನನ್ನ ಕಡೆ ನೋಡಿ ಅಂತಾರ, "ಬಾ ಒಳಗ ತಮ್ಮಾ, ಆತು. ಇದಕ್ಕ ಫುಲ್ ಫ್ರೇಮ್ ಅನ್ನೂದು. ಪಾಪ."

ನನ್ನ ಲೆನ್ಸ್‌ಲೇ ರೀ! ನನ್ನ ಲೆನ್ಸ್‌ಲೇ ತಗದು ನನಗ ಪಾಪ!

ಆದ್ರ ಆವಾಗ ನನಗ ಗೊತ್ತಿರಲಿಲ್ಲ. ಹೋಳಿಗಿ ಉಂಡು ಪಡಸಾಲ್ಯಾಗ ಅಡ್ಡಾಗಿದ್ವಿ, ಫ್ಯಾನ್ ಇತ್ತು, ಕರೆಂಟ್ ಇರಲಿಲ್ಲ. ಅಣ್ಣಾರು ಮೊಬೈಲ್‌ನ್ಯಾಗ ಒಂದು ಹಳೇ ಫೋಟೋ ತೋರ್ಸಿದ್ರು. ಯಾರದೋ ಲಗ್ನದ್ದು, ರೀಲಿನ ಕಾಲದ್ದು. ಹಿಂದಿನ ಸಾಲಿನ್ಯಾಗ ಒಬ್ಬಾಕಿ ಸೆರಗು ಹೊತ್ಗೊಂಡು ನಿಂತಾಳ, ಮಾರಿ ಅಕ್ಕಿಕಾಳಿನಷ್ಟು, ಅರ್ಧ ಯಾರದೋ ಹೆಗಲ ಹಿಂದ. ಅವ್ರ ಅವ್ವ. ಆಕೀದು ಇರೋದು ಅದೊಂದ ಫೋಟೋ ಅಂತ. ಸ್ಟುಡಿಯೋಕ್ಕ ಒಯ್ದು ದೊಡ್ಡದು ಮಾಡಿಸಿದ್ರ ಬರೇ ಕಾಳು ಕಾಳು ಬಂತಂತ, ಕಣ್ಣು ಎಲ್ಲಿ ಅದಾವ ಅನ್ನೋದೂ ತಿಳೀಲಿಲ್ಲಂತ. ಹೇಳ್ತಾ ಹೇಳ್ತಾ ಬೆರಳಿಲೆ ಝೂಮ್ ಮಾಡಾಕತ್ತಿದ್ರು, ಈ ಸಲ ಏನರ ಕಾಣ್ತತೇನೋ ಅನ್ನಂಗ. ಆ ರೀಲಿನ ಅಳತಿನೂ 36ಕ್ಕ 24, ಈಗಿನ ಫುಲ್ ಫ್ರೇಮ್ ಅನ್ನೋದು ಅದರ ಅಳತಿನ, 1925ರಾಗ ಲೈಕಾ ಕ್ಯಾಮೆರಾ ಮಾರಾಕ ಬಂದಾಗಿಂದ ನಡಕೊಂಡು ಬಂದಿದ್ದು. ಅಂದ್ರ ಅವ್ರ ಅವ್ವನ್ನ ಹಿಡದಿದ್ದೂ ಫುಲ್ ಫ್ರೇಮ್‌ಲೇನ. ನಾ ಇದನ್ನ ಹೇಳಬೇಕು ಅಂತ ಬಾಯಿ ತಗದಾವ ಸುಮ್ನಾದೆ. "ಚಲೋ ಅದಾರ್ರಿ" ಅಂದೆ.

ಸಂಜಿ ರೈಲಿಗೆ ಅವ್ರನ್ನ ಹತ್ತಿಸಿ ಬಂದು ಕ್ಯಾಮೆರಾ ಒರಸಾಕ ಕುಂತಾಗ ಉಂಗುರದ ಮ್ಯಾಲ 28-70 ಅನ್ನೋದು ಕಣ್ಣಿಗೆ ಬಿತ್ತು. ರಸ್ತಾದಾಗ ಒಂದು ಬೂಟಿನ್ಯಾಗ ನಿಂತಿದ್ದೆಲ್ಲಾ ತಿರುಗಿ ಮೈಮ್ಯಾಲ ಬಂತು. ನನ್ನ ಸಣ್ಣ ಸೆನ್ಸರಿನ ಮ್ಯಾಲ 28 ಅಂದ್ರ 42 ಇದ್ದಂಗ, ಅದರಾಗ ಇಪ್ಪತ್ತೊಂದು ಮಂದಿ ಹೆಂಗ ಹಿಡಸ್ಬೇಕು! ಫೋನ್ ಹಚ್ಚಿದೆ. ಅವ್ರು ನನಗ ಮಾತಾಡಾಕ ಬಿಡಲಿಲ್ಲ. "ತಮ್ಮಾ, ಇವತ್ತು ಏನ್ ಝೂಮ್ ಆಗ್ತತಪ ಕ್ಯಾಮೆರಾ! ಕಿಟಕ್ಯಾಗಿಂದ ತಗದೆ, ಎಷ್ಟು ದೂರಿಂದು ಹತ್ರ ಬರ್ತತಿ! ಇಷ್ಟು ದಿನಾ ಹಿಂಗ ಬರ್ತಿರಲಿಲ್ಲ ನೋಡು."

"ಅದು ನನ್ನ ಲೆನ್ಸ್ ಅಣ್ಣಾರ. ನಿಮ್ಮ ಕ್ಯಾಮೆರಾ ಮುಂಜಾನಿಂದ ನಡುವಿನ ತುಂಡಿನ್ಯಾಗ ಅಷ್ಟ ಫೋಟೋ ತಗಿಯಾಕತ್ತೈತಿ. ಗ್ರೂಪ್ ಫೋಟೋನೂ 10 ಮೆಗಾಪಿಕ್ಸಲ್‌ದ ಬಂದೈತಿ."

ಆಕಡೆ ರೈಲಿನ ಸಪ್ಪಳ ಅಷ್ಟ. ಟಿಕ್ ಟಿಕ್ ಟಿಕ್ ಅಂತ ಗುಂಡಿ ಒತ್ತಿದ್ದೂ ಕೇಳಿಸ್ತು. ಇಪ್ಪತ್ತೊಂದು ಮಂದಿ ಮಾರಿ ಒಂದೊಂದ ನೋಡಿ ಬಂದ್ರೋ ಏನೋ, ಭಾಳ ಹೊತ್ತಾದ ಮ್ಯಾಲ ಅಂದ್ರು, "10 ಅಂದ್ರ ಏನ್ ಕಡಿಮಿ ಅಲ್ಲ ತಮ್ಮಾ. ಎಲ್ಲಾರ ಕಣ್ಣೂ ಚಂದ ಬಂದಾವ."

ಲೆನ್ಸ್ ಯಾವಾಗ ಕೊಡ್ತೀರಿ ಅಂದೆ. ಜಾತ್ರಿಗೆ ಬರೋವಾಗ ತರ್ತೀನಂದ್ರು. ಗವಿಮಠದ ಜಾತ್ರಿ ಜನವರ್ಯಾಗ. ಇಲ್ಲಿ ಇನ್ನೂ ಶ್ರಾವಣ ಮುಗದಿಲ್ಲ, ಮುಂದಿನ ವಾರ ನಮ್ಮ ಮನ್ಯಾಗ ಸತ್ಯನಾರಾಯಣ ಪೂಜಿ ಐತಿ, ನಮ್ಮ ಪಡಸಾಲಿ ಹತ್ತ ಫೂಟು. ಮುಂದಿನ ರಸ್ತಾದಾಗ ಎಷ್ಟು ಹಿಂದಕ ಹೋಗಬಹುದು ಅಂತ ನಿನ್ನೆ ಹೆಜ್ಜಿ ಹಾಕಿ ಅಳದು ಬಂದೀನಿ, ಚರಂಡಿ ಅಡ್ಡ ಬರ್ತತಿ.