ಯಾವ ಎಣ್ಣಿ ರೀ?

ನೈಟ್ ಡ್ಯೂಟಿ ಮುಗಿಸಿ ಈಗಷ್ಟೇ ಬಂದೆ. ನಿದ್ದೆ ಬರುತ್ತಿಲ್ಲ, ಸಿಟ್ಟೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಾತ್ರಿ ಹನ್ನೊಂದೂವರೆಗೆ ಐಸಿಯುಗೆ ಒಬ್ಬ ಹುಡುಗ ಬಂದ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಹೊಟ್ಟೆಗೆ ಏನು ಹೋಗಿದೆ ಅಂತ ಕೇಳಿದೆ.

"ಎಣ್ಣಿ ರೀ ಸಿಸ್ಟರ್."

"ಯಾವ ಎಣ್ಣೆ?"

"ಹೊಲಕ್ಕ ಹೊಡಿಯೋ ಎಣ್ಣಿ ರೀ."

ಬಾಟಲಿ ಎಲ್ಲಿ ಅಂದರೆ ಒಬ್ಬರ ಮುಖ ಒಬ್ಬರು ನೋಡಿದರು. ಎಂಟು ಜನ ಬಂದಿದ್ದಾರೆ, ಇಬ್ಬರು ಮೊಬೈಲ್ ಚಾರ್ಜರ್ ತಂದಿದ್ದಾರೆ, ಬಾಟಲಿ ತಂದವರು ಒಬ್ಬರೂ ಇಲ್ಲ.

ಇದನ್ನು ಇಲ್ಲಿ ಎಷ್ಟು ಸಲ ಬರೆದಿದ್ದೇನೋ. ಎಣ್ಣೆ ಅಂದರೆ ಒಂದೇ ಅಲ್ಲ. ಕ್ಲೋರ್‌ಪೈರಿಫಾಸ್ ಥರದ ಕೀಟನಾಶಕವಾದರೆ ಅಟ್ರೋಪಿನ್ ಅನ್ನೋ ಪ್ರತಿವಿಷದ ಇಂಜೆಕ್ಷನ್ ಬೇಕು, ಆಕ್ಸಿಜನ್ನೂ ಬೇಕು. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕವಾದರೆ ಅದೇ ಆಕ್ಸಿಜನ್ ಶ್ವಾಸಕೋಶವನ್ನು ಇನ್ನಷ್ಟು ಹಾಳು ಮಾಡುತ್ತದೆ, ಕೈ ಬಿಗಿಹಿಡಿದು ಕೊಡಬೇಕು. ಡಾಕ್ಟರ್ ಲಕ್ಷಣ ನೋಡಿ ಅಂದಾಜು ಮಾಡುತ್ತಾರೆ, ನಿಜ. ಲೇಬಲ್ ಓದಿದರೆ ಮುಗಿಯೋ ಕೆಲಸಕ್ಕೆ ಅಂದಾಜು ಯಾಕೆ?

ಪುಣ್ಯಕ್ಕೆ ಈ ಹುಡುಗನ ಲಕ್ಷಣ ಸ್ಪಷ್ಟವಾಗಿತ್ತು. ಅಟ್ರೋಪಿನ್ ಶುರು ಮಾಡಿದೆವು. ಒಂದು ಆಂಪೂಲಿನಲ್ಲಿ, ಅಂದರೆ ಪುಟ್ಟ ಗಾಜಿನ ಶೀಶೆಯಲ್ಲಿ, ಇರುವುದೇ 0.6 ಮಿಲಿಗ್ರಾಂ, ಎದೆಯ ಗೊರಗೊರ ನಿಲ್ಲುವ ತನಕ ಡೋಸ್ ದುಪ್ಪಟ್ಟು ಮಾಡುತ್ತಾ ಹೋಗಬೇಕು. ಗಾಜಿನ ಕತ್ತು ಮುರಿದೂ ಮುರಿದೂ ನನ್ನ ಹೆಬ್ಬೆರಳು ಕುಯ್ದಿದೆ, ಟೈಪ್ ಮಾಡಿದರೆ ಉರಿಯುತ್ತಿದೆ. ನಾಲ್ಕು ಗಂಟೆಗೆ ಎದೆ ಒಣಗಿತು. ಅಟ್ರೋಪಿನ್ನಿನ ಅಮಲಿಗೆ ಮುಖ ಕೆಂಪೇರಿ, ಬೆಡ್‌ಶೀಟ್ ಕೀಳುತ್ತಾ ಏನೇನೋ ಬಡಬಡಿಸತೊಡಗಿದ. ಮಾತಾಡಿದ, ಹುಷಾರಾದ ಅಂತ ಅವರಮ್ಮ ನನಗೆ ಕೈ ಮುಗಿದರು. ಗಂಡಾಂತರ ಇನ್ನೂ ದಾಟಿಲ್ಲ ಅಂತ ಹೇಗೆ ಹೇಳಲಿ? ಎರಡು ಮೂರು ದಿನಕ್ಕೆ ಕತ್ತು ಸೋತು, ದಿಂಬಿನಿಂದ ತಲೆ ಎತ್ತಲಾಗದೆ, ಉಸಿರು ಸಾಲದೆ ವೆಂಟಿಲೇಟರಿಗೆ ಹೋದವರನ್ನು ನೋಡಿದ್ದೇನೆ. ಅದರಿಂದ ಹೊರಬಂದು ನಡೆದುಕೊಂಡೇ ಮನೆಗೆ ಹೋದವರನ್ನೂ ನೋಡಿದ್ದೇನೆ. ಬೇಗ ಬಂದರೆ ಉಳಿಸಬಹುದು, ಅಷ್ಟೇ ನಾನು ಹೇಳೋದು. ಬಾಟಲಿ ಸಮೇತ ಬನ್ನಿ.

"ಬಾಟಲಿ ತಂದರೆ ಪೊಲೀಸ್ ಕೇಸ್ ಆಗುತ್ತೆ" ಅಂತಾರೆ. ಅಯ್ಯೋ, ವಿಷ ಅಂದ ಮೇಲೆ ಬಾಟಲಿ ಇದ್ದರೂ ಇಲ್ಲದಿದ್ದರೂ ಎಂಎಲ್‌ಸಿ (ಪೊಲೀಸರಿಗೆ ತಿಳಿಸಲೇಬೇಕಾದ ಕೇಸ್) ಆಗೇ ಆಗುತ್ತದೆ. ಬೇಕಂತಲೇ ಕುಡಿದಿದ್ದರೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ಮನುಷ್ಯ ತೀವ್ರ ಒತ್ತಡದಲ್ಲಿದ್ದ ಅಂತಲೇ ನೋಡುತ್ತದೆ, ಜೈಲಿಗೆ ಹಾಕು ಅನ್ನುವುದಿಲ್ಲ. ಪೊಲೀಸರಿಗೆ ಹೆದರಿ ಬಾಟಲಿಯನ್ನು ಬಾವಿಗೆ ಎಸೆದು ಬಂದವರಿದ್ದಾರೆ. ಬಾವಿಗೆ! ಮೇಲೆ ದಾರಿಯುದ್ದಕ್ಕೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು ಬೇರೆ. ಆ ವಾಂತಿ ಶ್ವಾಸಕೋಶಕ್ಕೆ ಇಳಿದರೆ ನಮಗೆ ಎರಡು ಕಾಯಿಲೆ.

ಇಷ್ಟೆಲ್ಲಾ ಬೈಯೋಕೆ ನನಗೇನು ಹಕ್ಕಿದೆಯೋ. ನಮ್ಮಪ್ಪ ಮೆಕ್ಕೆಜೋಳಕ್ಕೆ ಹೊಡೆದು ಉಳಿದದ್ದನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದು ಅಟ್ಟದ ಮೇಲೆ ಇಡುತ್ತಾರೆ. ಲೇಬಲ್ ಇಲ್ಲ, ವಿಷ ಎಷ್ಟು ಕಡು ಅಂತ ಹೇಳೋ ಕೆಂಪು ಹಳದಿ ತ್ರಿಕೋನ ಇಲ್ಲ. ಇಷ್ಟು ವರ್ಷ ಐಸಿಯುನಲ್ಲಿ ದುಡಿದೂ ಒಂದು ದಿನ ಕೇಳಿರಲಿಲ್ಲ. ಬೆಳಿಗ್ಗೆ ಬಸ್ಸಿನಿಂದಲೇ ಫೋನ್ ಮಾಡಿ, "ಅಪ್ಪಾ, ಅಟ್ಟದ ಮೇಲಿನ ಬಾಟಲಿಯಲ್ಲಿ ಏನೈತಿ?" ಅಂದೆ.

"ಎಣ್ಣಿ ಐತವಾ" ಅಂದರು.