ವಿಶ್ವಾಸದ ಬೆಲೆ ಒಬ್ಬರೇ ಯಾಕೆ ತೆರಬೇಕು?

ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಬೀದರ್, ಕಲಬುರಗಿ ಕಡೆಯ ಜನ ಜಾಸ್ತಿ. ನಾನೂ ಬೀದರ್ ಕಡೆಯವನೇ. ಕ್ರಿಸ್ತನನ್ನು ಹಿಂಬಾಲಿಸಬೇಕಾದರೆ ಬೆಲೆ ತೆರಬೇಕು ಅನ್ನುವ ಮಾತು ಇಲ್ಲಿನ ಪ್ರಸಂಗಗಳಲ್ಲಿ ಆಗಾಗ ಬರುತ್ತದೆ. ಅದು ನಿಜವೇ. ಆದರೆ ಆ ಬೆಲೆ ಎಷ್ಟು, ಅದು ಯಾರ ಜೇಬಿನಿಂದ ಹೋಗುತ್ತಿದೆ ಅನ್ನುವ ಲೆಕ್ಕವನ್ನು ಮಾತ್ರ ಯಾರೂ ತೆಗೆಯುವುದಿಲ್ಲ.

ಭಾನುವಾರವನ್ನೇ ತೆಗೆದುಕೊಳ್ಳಿ. ಊರಲ್ಲಿ ಭಾನುವಾರ ಚರ್ಚಿಗೆ ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪುಣೆಯ ಭೋಸರಿ, ಚಿಂಚವಡದ ಎಂಐಡಿಸಿ ಅನ್ನುವ ಕೈಗಾರಿಕಾ ಪ್ರದೇಶದ ಕಡೆ ಹಾಗಲ್ಲ, ಅಲ್ಲಿ ಎಷ್ಟೋ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಗುತ್ತಿಗೆಯಲ್ಲಿ ದುಡಿಯುವ ಹುಡುಗ ಭಾನುವಾರ ಆರಾಧನೆಗೆ ಬಂದರೆ ಆ ದಿನದ ಹಾಜರಿಯೂ ಹೋಯಿತು, ಕೂಲಿಯೂ ಹೋಯಿತು, ಮತ್ತೆ ಮತ್ತೆ ಹೀಗಾದರೆ ಸೂಪರ್‌ವೈಸರ್ ಅವನ ಜಾಗಕ್ಕೆ ಬೇರೆಯವನನ್ನು ಹುಡುಕುತ್ತಾನೆ. ಸಾಫ್ಟ್‌ವೇರ್ ಕಂಪನಿಯ ನನ್ನಂಥವನಿಗೆ ಶನಿವಾರ, ಭಾನುವಾರ ಎರಡೂ ರಜೆ. ಒಂದೇ ಬೆಂಚಿನ ಮೇಲೆ ಕೂತು ಒಂದೇ ಕೀರ್ತನೆ ಹಾಡುತ್ತೇವೆ. ನನಗೆ ಏನೂ ಖರ್ಚಿಲ್ಲ, ಅವನಿಗೆ ಒಂದು ದಿನದ ದುಡಿಮೆ.

ಜಾತಿ ಸರ್ಟಿಫಿಕೇಟಿನ ವಿಷಯ ಇದಕ್ಕಿಂತ ದೊಡ್ಡದು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂ ಧರ್ಮಕ್ಕೆ ಕಟ್ಟಿಹಾಕಿತು. ಅದನ್ನು 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರು ಇವತ್ತಿಗೂ ಹೊರಗೇ ಇದ್ದಾರೆ. ಪುಣೆಗೆ ಬಂದ ಮೇಲೆ ಈ ವ್ಯತ್ಯಾಸ ನನಗೆ ದಿನಾ ಕಾಣಿಸುತ್ತದೆ. ನಮ್ಮ ಕಟ್ಟಡದಲ್ಲೇ ಇರುವ ಮರಾಠಿ ಬೌದ್ಧ ಕುಟುಂಬ ಬಾಗಿಲ ಮೇಲೆ ಬುದ್ಧನ ಚಿತ್ರ ಹಾಕಿಕೊಂಡು, ಅರ್ಜಿಯಲ್ಲೂ ಬೌದ್ಧ ಅಂತಲೇ ಬರೆದು, ಮಕ್ಕಳಿಗೆ ಸಿಗಬೇಕಾದ ಸೌಲಭ್ಯ ಪಡೆಯುತ್ತದೆ. ಅದು ಅವರ ಹಕ್ಕು, ಸಿಕ್ಕಿದ್ದು ಒಳ್ಳೆಯದೇ ಆಯಿತು. ನಮ್ಮ ಕಡೆಯ ದಲಿತ ಕ್ರೈಸ್ತರಿಗೆ ಮಾತ್ರ ಕಾಗದದಲ್ಲಿ ಒಂದು ಹೆಸರು, ಸಭೆಯಲ್ಲಿ ಇನ್ನೊಂದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಪ್ರಕರಣವೊಂದರಲ್ಲಿ, ಕ್ರೈಸ್ತ ಧರ್ಮ ಪಾಲಿಸುತ್ತಾ ಮೀಸಲಾತಿಗೋಸ್ಕರ ಮಾತ್ರ ಹಿಂದೂ ಅಂತ ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಅಂದಮೇಲೆ ಎಷ್ಟೋ ಮನೆಗಳಲ್ಲಿ ಭಯ ಹೆಚ್ಚಾಗಿದೆ.

ಎರಡು ಹೆಸರು ಇಟ್ಟುಕೊಂಡವರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ದೀಕ್ಷಾಸ್ನಾನ ಆಯಿತು ಅಂತ ಊರಲ್ಲಿ ಅವರ ಕೇರಿ ಬದಲಾಗಲಿಲ್ಲ, ಅಲ್ವಾ?

ನಮ್ಮ ಸಭೆಯ ಒಬ್ಬ ತಮ್ಮ ಲೇತ್ ಮೇಲೆ ಕೆಲಸ ಮಾಡುತ್ತಾನೆ. ಮಗನ ಡಿಪ್ಲೊಮಾ ಸೇರ್ಪಡೆಯ ಹೊತ್ತಿಗೆ ಎಲ್ಲರೂ ಹಳೆಯ ಸರ್ಟಿಫಿಕೇಟ್ ತೆಗೆಸು ಅಂದರು. ಅವನು ಧರ್ಮದ ಕಾಲಂನಲ್ಲಿ ಕ್ರಿಶ್ಚಿಯನ್ ಅಂತ ಬರೆದ. "ಅಣ್ಣಾ, ಹಾಳಿ ಮ್ಯಾಲ ಸುಳ್ಳು ಬರದು ಐತಾರ ಹೆಂಗ ಕೈ ಎತ್ತಿ ಪ್ರಾರ್ಥನೆ ಮಾಡ್ಲಿ?" ಅಂತ ನನ್ನ ಹತ್ತಿರ ಹೇಳಿದ. ಫೀಸಿನ ರಿಯಾಯಿತಿ ಹೋಯಿತು. ಹೆಂಡತಿಯ ಚೈನು ಅಡವಿಗೆ ಹೋಯಿತು. ಇದನ್ನೇ ಅವನು ಸಾಕ್ಷಿಯಾಗಿ ಹೇಳಿದಾಗ ಇಡೀ ಸಭೆ ಹಲ್ಲೆಲೂಯಾ ಅಂದಿತು, ಆಮೇಲೆ ಚಹಾ, ಬಿಸ್ಕಿಟು, ಊರಿನ ಮಳೆಯ ಸುದ್ದಿ. ಇನ್ನೂ ಎಷ್ಟು ಫೀಸು ಬಾಕಿ ಇದೆ ಅಂತ ಕೇಳಿದವರು ಒಬ್ಬಿಬ್ಬರು ಮಾತ್ರ. ಉಳಿದವರು ಹೆಗಲು ತಟ್ಟಿ "ದೇವರು ನೋಡ್ಕೋತಾನೆ" ಅಂದರು. ದೇವರು ನೋಡಿಕೊಳ್ಳುವುದು ಯಾರ ಕೈಯಿಂದ? ನನಗೆ ಸಿಟ್ಟು ಬರುವುದು ಇಲ್ಲೇ.

ನಮ್ಮ ನಾಡಿನ ಹಿಂದಿನ ಸಭೆಗಳು ಹೀಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮಾತು ನಂಬಿ ಸಭೆ ಸೇರಿದವರಲ್ಲಿ ಬಿಲ್ಲವರು ತುಂಬಾ ಜನ. ಸಭೆ ಸೇರಿದವರು ಶೇಂದಿ ಇಳಿಸುವಂತಿರಲಿಲ್ಲ. ಅಂದರೆ ಕುಲಕಸುಬೇ ಹೋಯಿತು, ಮನೆಯವರೂ ದೂರವಾದರು, ಗೇಣಿ ಭೂಮಿಗೂ ಕುತ್ತು. ಆಗ ಮಿಷನ್ನಿನವರು ಬರೀ ಪ್ರಾರ್ಥನೆ ಮಾಡಿ ಕೂರಲಿಲ್ಲ. 1851ರಲ್ಲಿ ನೇಯ್ಗೆ ಕಾರ್ಖಾನೆ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹಂಚು ಅಂತ ನಾವು ಕರೆಯುವ ವಸ್ತುವಿನ ಹಿಂದೆ ಕೆಲಸ ಕಳೆದುಕೊಂಡ ಈ ವಿಶ್ವಾಸಿಗಳ ಹೊಟ್ಟೆಪಾಡೂ ಇದೆ. ಜನ ಎಲ್ಲದಕ್ಕೂ ಮಿಷನ್ನಿನ ಮುಖ ನೋಡುವ ಹಾಗಾಯಿತು ಅಂತ ಟೀಕೆ ಮಾಡುವವರಿದ್ದಾರೆ. ಅದರಲ್ಲೂ ಸತ್ಯ ಇದೆ. ಆದರೂ "ಬೆಲೆ ತೆರು" ಅಂತ ಹೇಳಿದವರು ಅದರಲ್ಲಿ ತಮ್ಮ ಪಾಲೂ ಹಾಕಿದರು.

ಪುಣೆಯ ನೆಲದಲ್ಲೇ ಹೆಣ್ಣುಮಕ್ಕಳ ಓದಿಗಾಗಿ ದುಡಿದ ಸಂಸ್ಕೃತ ವಿದ್ವಾಂಸೆ ಪಂಡಿತಾ ರಮಾಬಾಯಿ ಇದ್ದರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ತಾಲೂಕಿನ ಮಾಳದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಾಗ, ಮೊದಲು ಹೊಗಳಿದ್ದ ಜನರೇ ತಿರುಗಿಬಿದ್ದರು. ಆಮೇಲೆ ವಿಧವೆಯರಿಗಾಗಿ ಪುಣೆಯಲ್ಲಿ ಅವರು ನಡೆಸುತ್ತಿದ್ದ ಶಾಲೆ ಶಾರದಾ ಸದನದಿಂದ ಎಷ್ಟೋ ಪೋಷಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಅತ್ತ ಚರ್ಚಿನ ಹಿರಿಯರ ಜೊತೆಗೂ ಜಗಳ, ಯಾಕೆಂದರೆ ಹೇಳಿದ್ದನ್ನೆಲ್ಲ ಸುಮ್ನೆ ಒಪ್ಪುವವರಲ್ಲ ಅವರು. ಎರಡೂ ಕಡೆ ಪೆಟ್ಟು ತಿಂದವರು ಮಾಡಿದ್ದೇನು? ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು ಓದು, ನೇಯ್ಗೆ, ಮುದ್ರಣದ ಕೆಲಸ ಕಲಿಸಿದರು.

ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಅಂತ ಲೂಕನ ಸುವಾರ್ತೆಯಲ್ಲಿ ಇದೆ. ಇದನ್ನು ಬಡವರಿಗೆ ಓದಿ ಹೇಳುತ್ತೇವೆ. ಅಪೊಸ್ತಲರ ಕೃತ್ಯಗಳ ನಾಲ್ಕನೇ ಅಧ್ಯಾಯದಲ್ಲಿ, ಇದ್ದವರು ಹೊಲಮನೆ ಮಾರಿ ತಂದಿಟ್ಟರು, ಅವರಲ್ಲಿ ಕೊರತೆಯವರು ಒಬ್ಬರೂ ಇರಲಿಲ್ಲ ಅಂತಲೂ ಇದೆ. ಅದನ್ನು ನನ್ನಂಥ ಸಂಬಳದವರಿಗೆ ಅಷ್ಟೇ ಜೋರಾಗಿ ಓದಿ ಹೇಳಬೇಕು.

ನಮ್ಮ ಸಭೆಯಲ್ಲಿ ಕಟ್ಟಡ ನಿಧಿ ಇದೆ, ಹೊಸ ಸೌಂಡ್ ಸಿಸ್ಟಮ್ ಬೇಕು ಅನ್ನುವ ಮಾತೂ ನಡೆದಿದೆ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ನಾನು ಎರಡು ವಿಷಯ ಇಡುತ್ತೇನೆ. ಗುರುವಾರ ರಜೆ ಇರುವವರಿಗಾಗಿ ಗುರುವಾರವೇ ಒಂದು ಆರಾಧನೆ, ಅದೂ ಕರ್ತನ ಭೋಜನ ಸಮೇತ. ನಿಜ ಬರೆದಿದ್ದಕ್ಕೆ ರಿಯಾಯಿತಿ ಕಳೆದುಕೊಂಡ ಮಕ್ಕಳ ಫೀಸಿಗೆ ಒಂದು ನಿಧಿ. ಸೌಂಡ್ ಸಿಸ್ಟಮ್ ಒಂದು ವರ್ಷ ಕಾಯಲಿ. ಲೇತ್ ಕೆಲಸದ ಆ ತಮ್ಮನ ಮಗನ ಎರಡನೇ ವರ್ಷದ ಫೀಸು ಜೂನ್‌ನಲ್ಲಿ ಕಟ್ಟಬೇಕು.