ಮುದ್ರಾರಾಕ್ಷಸನ ಕೃಪೆ

ಅಚ್ಚಿನಲ್ಲಿ ತಪ್ಪು ನುಸುಳಿದರೆ ನಾವು ಅದನ್ನು ಮುದ್ರಾರಾಕ್ಷಸನ ತಲೆಗೆ ಕಟ್ಟಿ, ಪುಸ್ತಕದ ಕೊನೆಗೊಂದು ತಪ್ಪು-ಒಪ್ಪುಗಳ ಪಟ್ಟಿ ಅಂಟಿಸಿ, ಓದುಗರ ಕ್ಷಮೆ ಕೋರಿ ಕೈತೊಳೆದುಕೊಳ್ಳುತ್ತೇವೆ. ಅಮೆರಿಕದ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಸಂಗ್ರಹಿಸುವವರ ನಡುವೆ ಈ ರಾಕ್ಷಸನಿಗೆ ಇರುವ ಮರ್ಯಾದೆಯೇ ಬೇರೆ. ಕಾರ್ಡಿನ ಮೇಲೆ ಯಾವ ಆಟಗಾರನಿದ್ದಾನೆ ಎಂದು ಮಕ್ಕಳು ನೋಡುತ್ತಾರೆ. ನುರಿತ ಸಂಗ್ರಾಹಕ ಕಾರ್ಡನ್ನು ಮಗುಚಿ, ಭೂತಗನ್ನಡಿ ಹಿಡಿದು, ಅಚ್ಚುಕೂಟದಲ್ಲಿ ಅಂದು ಏನು ಎಡವಟ್ಟಾಯಿತೆಂದು ಹುಡುಕುತ್ತಾನೆ.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯವರು ಸಿಗರೇಟು ಪ್ಯಾಕುಗಳಲ್ಲಿಟ್ಟು ಹಂಚಿದ ಪುಟ್ಟ ಬಣ್ಣದ ಚಿತ್ರಗಳನ್ನು ಈಗ ಟಿ206 ಎಂದು ಗುರುತಿಸುತ್ತಾರೆ. ಜೆಫರ್ಸನ್ ಬರ್ಡಿಕ್ ಎಂಬ ಮಹಾನುಭಾವ, ಅಮೆರಿಕದಲ್ಲಿ ಅಚ್ಚಾದ ಕಾರ್ಡುಗಳಿಗೆಲ್ಲ ಪಟ್ಟಿ ಮಾಡಲು ಕುಳಿತಾಗ ಕೊಟ್ಟ ಗುರುತು ಅದು. ಒಂದೇ ಆಟಗಾರನ ಒಂದೇ ಚಿತ್ರದ ಹಿಂದೆ ಒಮ್ಮೆ ಪೀಡ್‌ಮಾಂಟ್ ಸಿಗರೇಟಿನ ಜಾಹೀರಾತು, ಇನ್ನೊಮ್ಮೆ ಸ್ವೀಟ್ ಕ್ಯಾಪೊರಲ್‌ನದು, ಮತ್ತೊಮ್ಮೆ ಹೆಸರೇ ಕೇಳಿರದ ಯಾವುದೋ ಬ್ರ್ಯಾಂಡಿನದು ಇರುವುದರಿಂದ, ಮುಂಭಾಗದಲ್ಲಿ ಅವಳಿಗಳಂತಿರುವ ಎರಡು ಕಾರ್ಡುಗಳ ಬೆಲೆಯಲ್ಲಿ ಅಜಗಜಾಂತರವಿರುತ್ತದೆ. ಈ ಸರಣಿಯಲ್ಲಿ ಫಿಲಡೆಲ್ಫಿಯಾ ತಂಡದ ಷೆರ್ವುಡ್ ಮಗೀ ಎಂಬಾತನ ಹೆಸರಿನಲ್ಲಿ ಇಂಗ್ಲಿಷಿನ 'ಇ' ಅಕ್ಷರವಿರಬೇಕಾದ ಕಡೆ 'ಐ' ಬಂದು ಕುಳಿತಿತು. ಯಾರೋ ಗಮನಿಸಿದರು, ತಿದ್ದಿದರು. ತಿದ್ದುವ ಮುನ್ನ ಹೊರಬಿದ್ದ ಪ್ರತಿಗಳು ಈಗ ಸಾವಿರಾರು ಡಾಲರ್ ಬಾಳುತ್ತವೆ. ಕಾಗುಣಿತ ಸರಿಯಿರುವ ಮಗೀಯನ್ನು ಕೊಳ್ಳಲು ಆಸ್ತಿ ಮಾರಬೇಕಾಗಿಲ್ಲ.

ಹಾಗಾದರೆ ತಪ್ಪೆಲ್ಲ ಚಿನ್ನವೇ ಎಂದು ಹಿಗ್ಗುವ ಮೊದಲು 1957ರ ಟಾಪ್ಸ್ ಕಂಪನಿಯ ಹ್ಯಾಂಕ್ ಆರನ್ ಕಾರ್ಡನ್ನು ನೋಡಬೇಕು. ಅಲ್ಲಿ ನೆಗೆಟಿವ್ ತಿರುವುಮುರುವಾಗಿ, ಜನ್ಮಪೂರ್ತಿ ಬಲಗೈಯಲ್ಲಿ ಬ್ಯಾಟು ಬೀಸಿದ ಆರನ್ ಎಡಗೈ ಆಟಗಾರನಾಗಿ ನಿಂತಿದ್ದಾನೆ. ಒಂದಕ್ಷರದ ಲೋಪಕ್ಕೆ ಹೋಲಿಸಿದರೆ ಇದು ಘೋರ ಪ್ರಮಾದವೇ ಸರಿ. ಆದರೆ ಟಾಪ್ಸ್‌ನವರು ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲವಾದ್ದರಿಂದ ಆ ವರ್ಷದ ಆರನ್ ಕಾರ್ಡುಗಳೆಲ್ಲವೂ ಎಡಗೈಯವೇ. ಆ ಕಾರ್ಡಿಗೆ ಬೆಲೆಯಿರುವುದು ಆರನ್‌ನಿಂದಾಗಿ. ತಪ್ಪಿನಿಂದ ಅದಕ್ಕೆ ಬಿಡಿಗಾಸೂ ಹೆಚ್ಚು ಹುಟ್ಟುವುದಿಲ್ಲ. ಸಂಗ್ರಾಹಕ ಹಣ ತೆರುವುದು ತಪ್ಪಿಗೂ ತಿದ್ದುಪಡಿಗೂ ನಡುವಿನ ಆ ಅಲ್ಪಾವಧಿಗೆ ಎಂದು ನನಗನ್ನಿಸುತ್ತದೆ. ಕರಡು ತಿದ್ದುವವನು ಜಾಗೃತನಾದಷ್ಟೂ ಆ ಅವಧಿ ಕಿರಿದು, ಅವಧಿ ಕಿರಿದಾದಷ್ಟೂ ಬೆಲೆ ಹಿರಿದು. ಆ ಬಡಪಾಯಿಗೆ ಇದರಲ್ಲಿ ಒಂದು ಸೆಂಟೂ ದಕ್ಕಿರಲಾರದು.

ತಪ್ಪೇ ಇಲ್ಲದೆಯೂ ಭೇದಗಳು ಹುಟ್ಟುವುದುಂಟು, ಮತ್ತು ಅವುಗಳ ಹಿಂದಿನ ಲೆಕ್ಕಾಚಾರ ನನಗೆ ಇನ್ನೂ ಹೆಚ್ಚು ಖುಷಿ ಕೊಡುತ್ತದೆ. 1952ರಲ್ಲಿ ಟಾಪ್ಸ್ ಹೊರತಂದ 407 ಕಾರ್ಡುಗಳಲ್ಲಿ ಮೊದಲ ಎಂಬತ್ತಕ್ಕೆ ಕಪ್ಪು ಶಾಯಿಯ ಬೆನ್ನೂ ಉಂಟು, ಕೆಂಪು ಶಾಯಿಯ ಬೆನ್ನೂ ಉಂಟು. (ಅವುಗಳಲ್ಲಿ ಒಂದನೆಯ ಸಂಖ್ಯೆಯ ಆಂಡಿ ಪಾಫ್ಕೋ ಒಳ್ಳೆಯ ಸ್ಥಿತಿಯಲ್ಲಿ ಸಿಗುವುದೇ ದುರ್ಲಭ, ಹುಡುಗರು ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದಾಗ, ಎಲ್ಲರಿಗಿಂತ ಮೇಲೆ ಕುಳಿತ ತಪ್ಪಿಗೆ ಪೆಟ್ಟು ತಿಂದವನು ಆತ.) ಆದರೆ ನಿಜವಾದ ಸ್ವಾರಸ್ಯವಿರುವುದು 311ರಿಂದ 407ರವರೆಗಿನ ಕೊನೆಯ ಕಂತಿನಲ್ಲಿ. ಎಣಿಸಿದರೆ ಅಲ್ಲಿರುವುದು 97 ಕಾರ್ಡು. ಅಚ್ಚಿನ ಹಾಳೆಯ ವಿನ್ಯಾಸದಲ್ಲಿದ್ದದ್ದು ನೂರು ಮನೆ. ಪಂಕ್ತಿಯಲ್ಲಿ ಮೂರು ಎಲೆ ಉಳಿದಾಗ ಹತ್ತಿರದಲ್ಲಿ ನಿಂತವರನ್ನೇ ಕೂರಿಸುವಂತೆ, ಕಂತಿನ ಮೊದಲ ಮೂವರಾದ ಮಿಕಿ ಮ್ಯಾಂಟಲ್, ಜಾಕಿ ರಾಬಿನ್ಸನ್ ಮತ್ತು ಬಾಬಿ ಥಾಮ್ಸನ್ ಅವರನ್ನು ಎರಡೆರಡು ಬಾರಿ ಕೂರಿಸಿದರು. ಹೀಗೆ ಎರಡು ಸಲ ಅಚ್ಚಿಗೆ ಸಿದ್ಧಪಡಿಸಿದಾಗ ಸಣ್ಣಪುಟ್ಟ ವ್ಯತ್ಯಾಸಗಳು ಉಳಿದುಕೊಂಡವು: ಬೆನ್ನಿನ ಮೇಲೆ ಸಂಖ್ಯೆಯನ್ನು ಸುತ್ತುವರಿದ ಚೆಂಡಿನ ಚಿತ್ರದಲ್ಲಿ ಹೊಲಿಗೆಗಳು ಒಂದು ಬಗೆಯ ಮ್ಯಾಂಟಲ್‌ನಲ್ಲಿ ಬಲಕ್ಕೆ ವಾಲಿದರೆ ಇನ್ನೊಂದರಲ್ಲಿ ಎಡಕ್ಕೆ ವಾಲುತ್ತವೆ.

ಇದರ ಅರ್ಥವೇನೆಂದರೆ, ಜಗತ್ತು ಕಣ್ಣರಳಿಸಿ ನೋಡುವ ಮ್ಯಾಂಟಲ್ ಕಾರ್ಡು ತನ್ನ ನೆರೆಹೊರೆಯ ಕಾರ್ಡುಗಳಿಗಿಂತ ದುಪ್ಪಟ್ಟು ಅಚ್ಚಾದದ್ದು. 2022ರ ಆಗಸ್ಟಿನಲ್ಲಿ ಅಂಥದೊಂದು ಪ್ರತಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಅದೇ ಹಾಳೆಯಲ್ಲಿ ಒಂದೇ ಮನೆಯಲ್ಲಿ ಕುಳಿತ, ಹಾಗಾಗಿ ಲೆಕ್ಕದ ಪ್ರಕಾರ ಹೆಚ್ಚು ಅಪರೂಪದವರಾದ ಉಳಿದ ಆಟಗಾರರನ್ನು ಅಷ್ಟೆಲ್ಲ ಆದರದಿಂದ ಮಾತನಾಡಿಸುವವರಿಲ್ಲ. ಅಪರೂಪವೇ ಬೆಲೆಯ ಮೂಲವೆಂದು ವಾದಿಸುವ ಸಂಗ್ರಾಹಕರು ಈ ಪ್ರಸಂಗ ಬಂದಾಗ ಮಾತು ಬದಲಿಸುತ್ತಾರೆ, ಅಥವಾ ಸಮುದ್ರದ ಕತೆ ಹೇಳುತ್ತಾರೆ. ಆ ಕತೆ ಹೀಗಿದೆ: ಕೊನೆಯ ಕಂತು ಅಂಗಡಿ ತಲುಪುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದು, ಮಾರಾಟವಾಗದ ಪೆಟ್ಟಿಗೆಗಳು ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಆ ಕಾರ್ಡುಗಳ ವಿನ್ಯಾಸದಲ್ಲಿ ಕೈಯಿದ್ದ ಸೈ ಬರ್ಗರ್ ಅವರೇ 1960ರಲ್ಲಿ ಅವುಗಳನ್ನು ಕಸದ ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರೆಂದು ಮುಂದೆ ತಾವೇ ಹೇಳಿಕೊಂಡರು.

1933ರ ಗೌಡಿ ಬಬಲ್‌ಗಮ್ ಕಂಪನಿಯ ಪ್ರಸಂಗವನ್ನು ನಾನು ಈ ಸಾಲಿಗೆ ಸೇರಿಸಲಾರೆ. ಅವರು 106ನೆಯ ಕಾರ್ಡನ್ನು ಹೊರತರಲೇ ಇಲ್ಲ; ಸರಣಿ ಪೂರ್ಣಗೊಳಿಸುವ ಹಂಬಲದಲ್ಲಿ ಹುಡುಗರು ಗಮ್ ಕೊಳ್ಳುತ್ತಲೇ ಇದ್ದರು. ದೂರಿನ ಪತ್ರಗಳು ಬಂದ ಮೇಲೆ, 1934ರಲ್ಲಿ ನ್ಯಾಪ್ ಲಾಜುವೇಯ ಚಿತ್ರವನ್ನು ಆ ಸಂಖ್ಯೆಗೆ ಅಚ್ಚು ಹಾಕಿ ದೂರಿದವರಿಗೆ ಅಂಚೆಯಲ್ಲಿ ಕಳುಹಿಸಿದರು. ಉಳಿದಿರುವ ಹಲವು ಪ್ರತಿಗಳ ಮೇಲೆ ಕಾಗದದ ಕ್ಲಿಪ್ಪಿನ ಗುರುತಿದೆ. ಇದು ವ್ಯಾಪಾರದ ಜಾಣತನ. ರಾಕ್ಷಸನಿಗೆ ಇದರಲ್ಲಿ ಪಾಲಿಲ್ಲ.

ನನ್ನ ಮೆಚ್ಚಿನದು 1974ರ ಟಾಪ್ಸ್ ಪ್ರಸಂಗ. ಸ್ಯಾನ್ ಡಿಯಾಗೊ ನಗರದ ಪ್ಯಾಡ್ರೆಸ್ ತಂಡ ವಾಷಿಂಗ್ಟನ್ನಿಗೆ ಹೊರಟು ನಿಂತಿದೆಯೆಂಬ ಸುದ್ದಿ ಎಷ್ಟು ಖಚಿತವಾಗಿತ್ತೆಂದರೆ, ಟಾಪ್ಸ್‌ನವರು ತಂಡದ ಕಾರ್ಡುಗಳ ಮೇಲೆ ವಾಷಿಂಗ್ಟನ್ ಎಂದೇ ಅಚ್ಚು ಹಾಕಿದರು. ಹೊಸ ತಂಡಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲವಾದ್ದರಿಂದ ಆ ಜಾಗದಲ್ಲಿ, ತಂಡ ಆಡುತ್ತಿದ್ದ ನ್ಯಾಷನಲ್ ಲೀಗ್ ಎಂಬ ಕೂಟದ ಹೆಸರಿನ ಸಂಕ್ಷೇಪವನ್ನು ತುಂಬಿದರು. ಅಷ್ಟರಲ್ಲಿ ಮೆಕ್‌ಡೊನಾಲ್ಡ್ಸ್‌ನ ರೇ ಕ್ರಾಕ್ ತಂಡವನ್ನು ಕೊಂಡು ಇದ್ದ ಊರಲ್ಲೇ ಉಳಿಸಿಕೊಂಡರು. ಕಂಪನಿ ಲಗುಬಗೆಯಿಂದ ಹೆಸರು ತಿದ್ದಿತು, ಆದರೆ ಹೊರಗೆ ಹೋದವು ಹೋಗಿಯೇ ಬಿಟ್ಟಿದ್ದವು. ಮುಂದೆ 2005ರಲ್ಲಿ ಮಾಂಟ್ರಿಯಲ್‌ನಿಂದ ನ್ಯಾಷನಲ್ ಲೀಗಿನ ಒಂದು ತಂಡ ವಾಷಿಂಗ್ಟನ್ನಿಗೆ ನಿಜಕ್ಕೂ ಬಂದಿತು. ಅದಕ್ಕಿಟ್ಟ ಹೆಸರು ನ್ಯಾಷನಲ್ಸ್.